ಚೋಕ್ ಎಳೆಯುವವರು ನೆನೆಯಬೇಕಾದ ಹೆಸರು

2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್-6 ಹೊಗೆ ಮಾನದಂಡ ದೇಶದಾದ್ಯಂತ ಜಾರಿಗೆ ಬಂದಾಗ ನಮ್ಮ ಮೋಟಾರ್‌ಸೈಕಲ್ಲುಗಳಿಂದ ಒಂದು ಪುಟ್ಟ ಅಂಗ ಸದ್ದಿಲ್ಲದೆ ನಿರ್ಗಮಿಸಿತು. ಕೊರೊನಾ ದಿಗ್ಬಂಧನದಲ್ಲಿ ಮನೆಯೊಳಗೆ ಕುಳಿತಿದ್ದ ದೇಶ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಪೆಟ್ರೋಲನ್ನು ಗಾಳಿಯೊಡನೆ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುತ್ತಿದ್ದ ಕಾರ್ಬುರೇಟರಿನ ಜಾಗಕ್ಕೆ, ಎಲೆಕ್ಟ್ರಾನಿಕ್ ಮೆದುಳಿನ ಅಪ್ಪಣೆಯಂತೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಬಂದು ಕುಳಿತಿತು. ಹೊಸ ಬೈಕು ಕೊಳ್ಳುವವರಿಗೆ ಇನ್ನು ಮುಂದೆ ಚೋಕ್ ಎಂಬ ಸನ್ನೆಯ ಪರಿಚಯವೇ ಬೇಕಿಲ್ಲ.

ಆದರೆ ಹಳೆಯ ವಾಹನಗಳು ಸರ್ಕಾರಿ ಆದೇಶದೊಂದಿಗೆ ಮಾಯವಾಗುವುದಿಲ್ಲ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಮಡಿಕೇರಿ, ಚಿಕ್ಕಮಗಳೂರುಗಳಂಥ ಊರುಗಳಲ್ಲಿ ಯಾರೋ ಒಬ್ಬರು ಮಫ್ಲರ್ ಸುತ್ತಿಕೊಂಡು ಕಿಕ್ಕರ್ ತುಳಿಯುತ್ತಿರುವ ಸದ್ದು ಇಂದಿಗೂ ಕೇಳುತ್ತದೆ. ನಾನೂ ಒಂದು ಹಳೆಯ ಯೆಜ್ಡಿಯನ್ನು ಬಹುಕಾಲದಿಂದ ಸಾಕಿಕೊಂಡಿದ್ದೇನೆ. ಅದರ ಚಳಿಗಾಲದ ಪೂಜೆಗೆ ಒಂದು ಕ್ರಮವಿದೆ. ಮೊದಲು ಪೆಟ್ರೋಲಿನ ನಲ್ಲಿ ತಿರುಗಿಸಬೇಕು. ಕಾರ್ಬುರೇಟರಿನ ನೆತ್ತಿಯ ಮೇಲಿರುವ ಪುಟ್ಟ ಗುಂಡಿಯನ್ನು ಪೆಟ್ರೋಲ್ ಜಿನುಗುವವರೆಗೆ ಒತ್ತಬೇಕು. ಕೀಲಿ ಹಾಕದೆ ಎರಡು ಸಲ ಮೆಲ್ಲನೆ ತುಳಿಯಬೇಕು. ಆಮೇಲೆ ಕೀಲಿ, ಆಮೇಲೆ ಒಂದೇ ಗಟ್ಟಿ ಕಿಕ್. ಆಕ್ಸಿಲರೇಟರ್ ತಿರುವುವ ಆತುರ ಕೂಡದು. ಗುಂಡಿಯನ್ನು ಹೆಚ್ಚು ಹೊತ್ತು ಒತ್ತುವುದೂ ಕೂಡದು. ಒತ್ತಿದರೆ ಪ್ಲಗ್ ತೊಯ್ದುಹೋಗುತ್ತದೆ. ಅದನ್ನು ಬಿಚ್ಚಿ, ಒರೆಸಿ, ಒಣಗಿಸಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಈ ಕ್ರಮವನ್ನು ನಮಗೆ ಬಿಟ್ಟುಹೋದವರಲ್ಲಿ ಮುಖ್ಯನಾದವನ ಹೆಸರು ಇಂದು ಕೋಟಿಗಟ್ಟಲೆ ಬೆಲೆಯ ಕಾರುಗಳ ಮೇಲೆ ಹೊಳೆಯುತ್ತಿದೆ. ಚಿತ್ರತಾರೆಯರೂ ಉದ್ಯಮಿಗಳೂ ಮೇಬ್ಯಾಕ್ ಕೊಂಡರೆಂಬುದು ಪತ್ರಿಕೆಗಳಿಗೆ ಸುದ್ದಿಯಾಗುತ್ತದೆ. ಆ ಹೆಸರಿನ ಹಿಂದಿದ್ದ ಅನಾಥ ಹುಡುಗನ ಕಥೆ ಅಷ್ಟಾಗಿ ಯಾರಿಗೂ ಬೇಕಾಗಿಲ್ಲ. ಕಾರಿಗಿಂತ ಮುಂಚೆ ಆತ ಕೈ ಹಾಕಿದ್ದು ಒಂದು ಮರದ ದ್ವಿಚಕ್ರ ವಾಹನಕ್ಕೆ ಎಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು.

ವಿಲ್ಹೆಲ್ಮ್ ಮೇಬ್ಯಾಕ್ ಹುಟ್ಟಿದ್ದು 1846ರ ಫೆಬ್ರುವರಿ 9ರಂದು, ದಕ್ಷಿಣ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ. ತಂದೆ ಬಡಗಿ. ಹುಡುಗನಿಗೆ ಎಂಟಾಗುವಷ್ಟರಲ್ಲಿ ತಾಯಿ, ಹತ್ತಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಅವನನ್ನು ಸೇರಿಸಿಕೊಂಡದ್ದು ರಾಯ್ಟ್‌ಲಿಂಗನ್ ಪಟ್ಟಣದ ಬ್ರೂಡರ್‌ಹೌಸ್, ಅಂದರೆ ಸೋದರರ ಮನೆ. ಪಾದ್ರಿ ಗುಸ್ಟಾವ್ ವೆರ್ನರ್ ನಡೆಸುತ್ತಿದ್ದ ಈ ಆಶ್ರಮ ಅನಾಥ ಮಕ್ಕಳಿಗೆ ಅನ್ನದ ಜೊತೆ ಕಸುಬನ್ನೂ ಕೊಡುತ್ತಿತ್ತು. ಅದಕ್ಕೆಂದೇ ಅಲ್ಲೊಂದು ಯಂತ್ರ ಕಾರ್ಖಾನೆ ಇತ್ತು. ಹುಡುಗನಿಗೆ ರೇಖಾಚಿತ್ರ ಒಲಿಯುತ್ತದೆಂಬುದನ್ನು ಕಂಡುಕೊಂಡ ವೆರ್ನರ್ ಅವನನ್ನು ನಕ್ಷೆ ಬರೆಯುವ ಕೆಲಸಕ್ಕೆ ಹಚ್ಚಿದ. ನಮ್ಮ ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಓದಿ ಎಂಜಿನಿಯರುಗಳಾದವರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದೇ ಕಾರ್ಖಾನೆಯ ಮುಖ್ಯಸ್ಥನಾಗಿ ಬಂದವನು ಗಾಟ್ಲೀಬ್ ಡೈಮ್ಲರ್. ಮೇಬ್ಯಾಕ್‌ಗಿಂತ ಹನ್ನೆರಡು ವರ್ಷ ಹಿರಿಯ; ಮಹತ್ವಾಕಾಂಕ್ಷಿ, ಹಟಮಾರಿ, ಜಗಳಗಂಟ. ತಾನು ಕಂಡ ಕನಸಿಗೆ ಗೆರೆಯ ರೂಪ ಕೊಡಬಲ್ಲ ಕೈ ಯಾವುದೆಂದು ಅವನಿಗೆ ಬೇಗನೆ ತಿಳಿಯಿತು. ಅಲ್ಲಿಂದ ಮುಂದೆ, 1900ರಲ್ಲಿ ಡೈಮ್ಲರ್ ಸಾಯುವವರೆಗೆ, ಆತ ಹೋದಲ್ಲೆಲ್ಲ ಮೇಬ್ಯಾಕ್ ಹಿಂಬಾಲಿಸಿದ. ಕಾರ್ಲ್ಸ್‌ರುಹೆಗೆ ಹೋದರೆ ಅಲ್ಲಿಗೆ. 1872ರಲ್ಲಿ ಕಲೋನ್ ಬಳಿಯ ಡಾಯ್ಟ್ಸ್‌ನ ಗ್ಯಾಸ್ ಎಂಜಿನ್ ಕಾರ್ಖಾನೆಗೆ ಹೋದರೆ ಅಲ್ಲಿಗೆ. ಡಾಯ್ಟ್ಸ್‌ನಲ್ಲಿ ನಿಕೊಲಾಸ್ ಆಟೋ 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ನನ್ನು ಸಾಧಿಸಿದ; ಅದನ್ನು ಮಾರಾಟಕ್ಕೆ ಯೋಗ್ಯವಾದ ಯಂತ್ರವನ್ನಾಗಿ ತಿದ್ದಿದ್ದು ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿದ್ದ ಮೇಬ್ಯಾಕ್. ಹೆಸರು ಆಟೋನದಾಯಿತು. ಅದು ನ್ಯಾಯವೇ. ಆದರೆ ಮೇಬ್ಯಾಕ್‌ನ ಬದುಕಿನಲ್ಲಿ ಇದೇ ಮಾದರಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಡಾಯ್ಟ್ಸ್‌ನ ಎಂಜಿನ್ನುಗಳು ಒಲೆಗೆ ಬಳಸುವಂಥ ಗ್ಯಾಸಿನಿಂದ ನಡೆಯುತ್ತಿದ್ದವು. ಕೊಳವೆಗೆ ಕಟ್ಟಿಹಾಕಿದ, ಟನ್ನುಗಟ್ಟಲೆ ತೂಗುವ, ನಿಮಿಷಕ್ಕೆ ನೂರೈವತ್ತು ಸುತ್ತಿನ ಆಸುಪಾಸಿನಲ್ಲಿ ಏದುಸಿರು ಬಿಡುವ ದೈತ್ಯರು. ಎಂಜಿನ್ ಓಡಾಡಬೇಕಾದರೆ ಅದು ಹಗುರಾಗಬೇಕು, ವೇಗವಾಗಿ ತಿರುಗಬೇಕು, ತನ್ನ ಇಂಧನವನ್ನು ತಾನೇ ಹೊತ್ತೊಯ್ಯಬೇಕು. ಆಟೋನೊಂದಿಗೆ ಜಗಳವಾಡಿ 1882ರಲ್ಲಿ ಹೊರಬಂದ ಡೈಮ್ಲರ್, ಸ್ಟುಟ್‌ಗಾರ್ಟ್ ಪಕ್ಕದ ಕ್ಯಾನ್‌ಸ್ಟಾಟ್‌ನಲ್ಲಿ ಕೊಂಡ ಮನೆಯ ತೋಟದ ಗಾಜಿನಮನೆಯನ್ನೇ ಕಾರ್ಯಾಗಾರ ಮಾಡಿಕೊಂಡ. ಹೆಂಡತಿ ಬೆರ್ಥಾ, ಮೂರು ವರ್ಷದ ಮಗ ಕಾರ್ಲ್‌ನೊಡನೆ ಮೇಬ್ಯಾಕ್ ಕೂಡ ಹಿಂದೆಯೇ ಬಂದ. ಹಗಲು ರಾತ್ರಿ ಬಾಗಿಲು ಹಾಕಿಕೊಂಡು ಸುತ್ತಿಗೆ ಬಡಿಯುತ್ತಿದ್ದ ಈ ಇಬ್ಬರ ಮೇಲೆ ತೋಟದ ಮಾಲಿಗೇ ಸಂಶಯ ಬಂದು, ಖೋಟಾ ನಾಣ್ಯ ಅಚ್ಚುಹಾಕುತ್ತಿದ್ದಾರೆಂದು ಪೊಲೀಸರಿಗೆ ದೂರು ಕೊಟ್ಟನಂತೆ. ರಾತ್ರಿ ಒಳನುಗ್ಗಿದ ಪೊಲೀಸರಿಗೆ ಸಿಕ್ಕಿದ್ದು ಸ್ಪ್ಯಾನರುಗಳು ಮತ್ತು ಎಂಜಿನ್ನಿನ ಭಾಗಗಳು ಮಾತ್ರ.

ಆ ಗಾಜಿನಮನೆಯಿಂದ ಹೊರಬಂದದ್ದೇ 1885ರ ರೈಟ್‌ವಾಗನ್, ಸವಾರಿ ಗಾಡಿ. ಮರದ ಚೌಕಟ್ಟು, ಕಬ್ಬಿಣದ ಪಟ್ಟಿ ಹೊಡೆದ ಮರದ ಚಕ್ರಗಳು, ಬೀಳದಂತೆ ಅಕ್ಕಪಕ್ಕ ಎರಡು ಪುಟ್ಟ ಗಾಲಿಗಳು, ಕುದುರೆಯ ಜೀನಿನಂಥ ಆಸನ. ಅದರಡಿಯಲ್ಲಿ 264 ಸಿಸಿಯ, ಅರ್ಧ ಅಶ್ವಶಕ್ತಿಯ, ನಿಮಿಷಕ್ಕೆ ಸುಮಾರು 600 ಸುತ್ತು ತಿರುಗುವ ಎಂಜಿನ್. ನವೆಂಬರ್ ತಿಂಗಳ ಚಳಿಯಲ್ಲಿ ಅದು ಕ್ಯಾನ್‌ಸ್ಟಾಟ್‌ನಿಂದ ಉಂಟರ್‌ಟರ್ಕ್‌ಹೈಮ್‌ವರೆಗೆ ಸುಮಾರು ಮೂರು ಕಿಲೋಮೀಟರ್ ಓಡಿತು. ವೇಗ ಗಂಟೆಗೆ ಹನ್ನೆರಡು ಕಿಲೋಮೀಟರ್. ಜಗತ್ತಿನ ಮೊದಲ ಪೆಟ್ರೋಲ್ ಮೋಟಾರ್‌ಸೈಕಲ್ ಎಂದು ಅದನ್ನು ಗುರುತಿಸುತ್ತಾರೆ. ಪೇಟೆಂಟ್ ಡೈಮ್ಲರ್ ಹೆಸರಿನಲ್ಲಿತ್ತು.

ಅದನ್ನು ಚಾಲೂ ಮಾಡುವುದು ಹೇಗಿತ್ತೆಂದು ಯೋಚಿಸಿದರೆ ನಮ್ಮ ಕಿಕ್ಕರಿನ ಗೋಳು ಏನೂ ಅಲ್ಲ ಅನ್ನಿಸುತ್ತದೆ. ಕಿಡಿ ಹಾರಿಸುವ ಪ್ಲಗ್ ಅದರಲ್ಲಿ ಇರಲಿಲ್ಲ. ಸಿಲಿಂಡರಿನೊಳಗೆ ತಲೆಹಾಕಿದ ಒಂದು ಸಣ್ಣ ನಳಿಗೆಯನ್ನು ಹೊರಗಿನಿಂದ ಬರ್ನರ್ ಹೊತ್ತಿಸಿ ಕೆಂಪಗೆ ಕಾಯಿಸಬೇಕಿತ್ತು. ಅದು ಕಾದ ಮೇಲೆಯೇ ಎಂಜಿನ್ ತಿರುಗಿಸುವ ಮಾತು. ಆ ಬರ್ನರ್ ಇದ್ದದ್ದು ಸವಾರನ ಆಸನದ ಕೆಳಗೆ. ಮೊದಲ ಓಟಗಳಲ್ಲಿ ಒಮ್ಮೆ ಆಸನಕ್ಕೇ ಬೆಂಕಿ ಹತ್ತಿತೆಂದು ಹೇಳುತ್ತಾರೆ. ಚಳಿಗೆ ಬೆಚ್ಚಗಾಗುವ ವಿಧಾನವಾಗಿ ಅದನ್ನು ಯಾರೂ ಶಿಫಾರಸು ಮಾಡಲಾರರು.

ಬೆಂಕಿಗಿಂತ ಕಠಿಣವಾದದ್ದು ಇಂಧನದ ಸಮಸ್ಯೆ. ಆಗ ಪೆಟ್ರೋಲ್ ಎಂದರೆ ಔಷಧದಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯಲೆಂದು ಸೀಸೆಯಲ್ಲಿ ಮಾರುತ್ತಿದ್ದ ಹಗುರ ತೈಲ. ದ್ರವ ಪೆಟ್ರೋಲ್ ಉರಿದು ಎಂಜಿನ್ ನಡೆಸುವುದಿಲ್ಲ. ಅದು ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಹತ್ತಿರಹತ್ತಿರ ಹದಿನೈದು ಪಾಲು ಗಾಳಿ, ಇದು ಹದ. ಸವಾರಿ ಗಾಡಿಯ ಕಾರ್ಬುರೇಟರ್ ಒಂದು ಡಬ್ಬಿ ಮಾತ್ರ. ಡಬ್ಬಿಯಲ್ಲಿ ತುಂಬಿದ ಇಂಧನದ ಮೂಲಕ ಗಾಳಿಯನ್ನು ಹಾಯಿಸಿದರೆ ಗಾಳಿ ಒಂದಿಷ್ಟು ಆವಿಯನ್ನು ಹೊತ್ತೊಯ್ಯುತ್ತಿತ್ತು. ಬೇಸಿಗೆಯಲ್ಲಿ ಇದು ಹೇಗೋ ನಡೆದೀತು. ಚಳಿಯಲ್ಲಿ ಆವಿಯೇ ಏಳುವುದಿಲ್ಲ. ಎದ್ದ ಅಲ್ಪಸ್ವಲ್ಪ ಆವಿಯೂ ಉಳಿದ ಇಂಧನದ ಶಾಖವನ್ನು ಕಸಿದುಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದು ಇದೇ ಕಾರಣಕ್ಕೆ. ಹೂಜಿಯಲ್ಲಿ ಅದು ವರ, ಎಂಜಿನ್ನಿನಲ್ಲಿ ಶಾಪ. ಸಾಲದ್ದಕ್ಕೆ, ಡಬ್ಬಿಯಿಂದ ಹಗುರ ಅಂಶ ಮೊದಲು ಹಾರಿಹೋಗಿ, ಆವಿಯಾಗಲೊಲ್ಲದ ಭಾರದ ಅಂಶ ತಳದಲ್ಲಿ ಉಳಿದುಬಿಡುತ್ತಿತ್ತು.

ಈ ಗಂಟನ್ನು ಬಿಡಿಸಲು ಮೇಬ್ಯಾಕ್‌ಗೆ ಅವಕಾಶ ಸಿಕ್ಕಿದ್ದು, ವಿಚಿತ್ರವೆಂದರೆ, ಆತ ಕೆಲಸ ಬಿಟ್ಟ ಮೇಲೆ. 1890ರ ನವೆಂಬರಿನಲ್ಲಿ ಡೈಮ್ಲರ್ ಕಂಪನಿ ಷೇರುದಾರರ ಸಂಸ್ಥೆಯಾಯಿತು. ಬಂಡವಾಳ ಹೂಡಿದವರ ಕೈ ಮೇಲಾಯಿತು. ಗಾಜಿನಮನೆಯಲ್ಲಿ ಎಂಜಿನ್ ಕಟ್ಟಿದವನಿಗೆ ಆಡಳಿತ ಮಂಡಳಿಯಲ್ಲಿ ಜಾಗವಿರಲಿಲ್ಲ. ಮುಂದಿಟ್ಟ ಕರಾರು ಒಪ್ಪಲಾಗದ್ದೆಂದು 1891ರ ಫೆಬ್ರುವರಿಯಲ್ಲಿ ಆತ ಹೊರನಡೆದ. ಕಂಪನಿಯೊಳಗೇ ಒಂಟಿಯಾಗಿದ್ದ ಡೈಮ್ಲರ್ ಗುಟ್ಟಾಗಿ ಹಣ ಒದಗಿಸಿದ. ಕ್ಯಾನ್‌ಸ್ಟಾಟ್‌ನಲ್ಲಿ ಮುಚ್ಚಿದ್ದ ಹರ್ಮನ್ ಹೋಟೆಲಿನ ತೋಟದ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ಬೆರಳೆಣಿಕೆಯ ಕೆಲಸಗಾರರೊಂದಿಗೆ ಮೇಬ್ಯಾಕ್ ತನ್ನ ಬದುಕಿನ ಅತ್ಯಂತ ಫಲವತ್ತಾದ ವರ್ಷಗಳನ್ನು ಅಲ್ಲಿ ಕಳೆದ. ಕಾರ್ಖಾನೆಯ ಒಡೆಯರು ಬೇಡವೆಂದವನು ನೃತ್ಯ ನಡೆಯಬೇಕಾದ ಜಾಗದಲ್ಲಿ ಕುಳಿತು ಮುಂದಿನ ನೂರು ವರ್ಷದ ಎಂಜಿನ್ನುಗಳಿಗೆ ಊಟದ ವ್ಯವಸ್ಥೆ ಮಾಡಿದ ಎನ್ನಬಹುದು.

1893ರಲ್ಲಿ ಆತ ಪೇಟೆಂಟ್ ಪಡೆದ ಕಾರ್ಬುರೇಟರ್ ಇಂಧನ ತಾನಾಗಿ ಆವಿಯಾಗಲೆಂದು ಕಾಯುವುದಿಲ್ಲ. ಸೊಳ್ಳೆ ಔಷಧಿ ಹೊಡೆಯುತ್ತಿದ್ದ ಹಳೆಯ ಫ್ಲಿಟ್ ಪಂಪನ್ನು ನೆನಪಿಸಿಕೊಂಡರೆ ಅದರ ಗುಟ್ಟು ತಿಳಿಯುತ್ತದೆ. ಸಣ್ಣ ನಳಿಗೆಯ ತುದಿಯ ಮೇಲೆ ಗಾಳಿ ವೇಗವಾಗಿ ಹಾದರೆ, ಅಲ್ಲಿ ಒತ್ತಡ ಕುಸಿದು ಕೆಳಗಿನ ದ್ರವ ತುಂತುರಾಗಿ ಮೇಲೇರುತ್ತದೆ. ಪಿಸ್ಟನ್ ಕೆಳಗಿಳಿದು ಉಸಿರೆಳೆದುಕೊಂಡಾಗ ಆ ಸೆಳೆತವೇ ಪೆಟ್ರೋಲನ್ನು ಸೂಕ್ಷ್ಮ ಹನಿಗಳಾಗಿ ಒಡೆಯಲಿ ಎಂಬುದು ಮೇಬ್ಯಾಕ್‌ನ ಯೋಜನೆ. ಹನಿ ಸಣ್ಣದಾದಷ್ಟೂ ಬೇಗ ಆವಿಯಾಗುತ್ತದೆ. ನಳಿಗೆಯ ತುದಿಯಲ್ಲಿ ಇಂಧನದ ಮಟ್ಟ ಏರುಪೇರಾಗದಿರಲು ಪಕ್ಕದ ಬಟ್ಟಲಿನಲ್ಲಿ ಒಂದು ತೇಲುಗುಂಡು. ಮನೆಯ ನೀರಿನ ಟ್ಯಾಂಕಿನಲ್ಲಿರುವಂಥದ್ದೇ. ಮಟ್ಟ ಏರಿದರೆ ಅದು ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ.

ಇದು ಒಬ್ಬನೇ ಕಂಡ ಕನಸು ಎಂದು ಹೇಳುವುದು ತಪ್ಪಾದೀತು. ಲಂಡನ್ನಿನ ಎಡ್ವರ್ಡ್ ಬಟ್ಲರ್ ಇದೇ ದಾರಿಯಲ್ಲಿ ಮೊದಲೇ ನಡೆದಿದ್ದ. ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಷ್ ಚೋಂಕಾ 1893ರಲ್ಲೇ, ಮೇಬ್ಯಾಕ್‌ಗಿಂತ ಕೆಲವು ತಿಂಗಳು ಮುಂಚೆ ಪೇಟೆಂಟ್ ಪಡೆದಿದ್ದರು. ಬುಡಾಪೆಸ್ಟಿನ ಬೀದಿಯಲ್ಲಿ ಹೂ ಮಾರುವ ಹುಡುಗಿ ನಳಿಗೆಯಲ್ಲಿ ಊದಿ ಹೂಗಳಿಗೆ ನೀರು ಚಿಮುಕಿಸುವುದನ್ನು ನೋಡಿ ಅವರಿಗೆ ಈ ಯುಕ್ತಿ ಹೊಳೆಯಿತೆಂದು ಅಲ್ಲಿಯ ಜನ ಪ್ರೀತಿಯಿಂದ ಹೇಳಿಕೊಳ್ಳುತ್ತಾರೆ. ಆದರೆ ಮೇಬ್ಯಾಕ್‌ನ ಕಾರ್ಬುರೇಟರಿಗೆ ಒಂದು ಒಳ್ಳೆಯ ಎಂಜಿನ್ನಿನ ಜೊತೆ ಸಿಕ್ಕಿತ್ತು. ಅದರ ಮೂಲಕವೇ ಆ ವಿನ್ಯಾಸ ಜಗತ್ತಿನ ರಸ್ತೆಗಳಿಗೆ ಇಳಿಯಿತು.

ಚೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಜಾವಾ ಆರಂಭಿಸಿದ್ದು 1929ರಲ್ಲಿ. 1961ರಿಂದ 1996ರವರೆಗೆ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳ ಕಾರ್ಬುರೇಟರುಗಳನ್ನು ಬಿಚ್ಚಿದರೂ ಒಳಗಿರುವುದು ಅದೇ ತೇಲುಗುಂಡು, ಅದೇ ಸೂಜಿ, ಅದೇ ನಳಿಗೆ. ಹರ್ಮನ್ ಹೋಟೆಲಿನ ಸಭಾಂಗಣಕ್ಕೂ ಯಾದವಗಿರಿಗೂ ಇರುವ ನಂಟು ಇಷ್ಟು.

ಹಾಗಿದ್ದರೆ ಚಳಿಯಲ್ಲಿ ಇಂದಿಗೂ ಗಾಡಿ ಮೊಂಡು ಹಿಡಿಯುವುದೇಕೆ? ತುಂತುರು ಎಷ್ಟೇ ಸೂಕ್ಷ್ಮವಾಗಿದ್ದರೂ ತಣ್ಣಗಿನ ಲೋಹಕ್ಕೆ ತಾಗಿದೊಡನೆ ಪೆಟ್ರೋಲ್ ಮತ್ತೆ ಹನಿಗಟ್ಟಿ ಗೋಡೆಗೆ ಅಂಟುತ್ತದೆ. ಸಿಲಿಂಡರ್ ತಲುಪುವ ಮಿಶ್ರಣದಲ್ಲಿ ಉರಿಯಬಲ್ಲ ಆವಿ ಸಾಲದು. ಇದಕ್ಕಿರುವ ಉಪಾಯ ಒಂದೇ: ಕೊಂಚ ಹೊತ್ತು ಹದ ಮೀರಿ ಪೆಟ್ರೋಲ್ ಕೊಡುವುದು, ಅದರಲ್ಲಿ ಆವಿಯಾಗುವಷ್ಟು ಅಂಶವೇ ಸಾಕೆನಿಸುವಂತೆ. ಚೋಕ್ ಗಾಳಿಯ ದಾರಿಯನ್ನು ಕಿರಿದಾಗಿಸಿ ಸೆಳೆತವನ್ನು ಹೆಚ್ಚಿಸುತ್ತದೆ. ಯೆಜ್ಡಿಯ ಗುಂಡಿ ತೇಲುಗುಂಡನ್ನು ಮುಳುಗಿಸಿ ಬಟ್ಟಲು ತುಂಬಿ ಹರಿಯುವಂತೆ ಮಾಡುತ್ತದೆ. ತಣ್ಣಗಾಗಿ ಗಟ್ಟಿಯಾದ ಎಣ್ಣೆಯೂ, ಸೊರಗಿದ ಬ್ಯಾಟರಿಯೂ ಜೊತೆಗೂಡಿದರೆ ಕಾಲಿನ ಶ್ರಮ ಇನ್ನಷ್ಟು ಹೆಚ್ಚುತ್ತದೆ. ಎಂಜಿನ್ ಬಿಸಿಯಾದದ್ದನ್ನು ಕಿವಿಯಿಂದ ಗುರುತಿಸಿ ಚೋಕ್ ಹಿಂದೆ ಸರಿಸಬೇಕು. ಮರೆತರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಮೇಬ್ಯಾಕ್‌ನ ಯಂತ್ರ ಕೊನೆಯ ಈ ಒಂದು ತೀರ್ಮಾನವನ್ನು ಸವಾರನ ಕಿವಿಗೆ ಬಿಟ್ಟಿತ್ತು. ಇಂದಿನ ಇಂಜೆಕ್ಟರ್ ಅದನ್ನೂ ಕಿತ್ತುಕೊಂಡಿದೆ; ತಾಪಮಾನ ಅಳೆದು ತಾನೇ ಲೆಕ್ಕ ಹಾಕುತ್ತದೆ.

ಇದಕ್ಕಾಗಿ ಕಣ್ಣೀರು ಹಾಕುವವರ ಸಾಲಿನಲ್ಲಿ ನಾನಿಲ್ಲ. ಚೋಕ್ ಎಳೆದ ಎಂಜಿನ್ ಉಗುಳುವ ಹೊಗೆಯಲ್ಲಿ ಅರೆಬರೆ ಉರಿದ ಪೆಟ್ರೋಲೂ ಕಾರ್ಬನ್ ಮೊನಾಕ್ಸೈಡೂ ಧಾರಾಳವಾಗಿರುತ್ತವೆ. ಎರಡು ಹೊಡೆತದ ಯೆಜ್ಡಿಯ ನೀಲಿ ಹೊಗೆಯ ಬಗ್ಗೆ ನೆರೆಮನೆಯವರ ಅಭಿಪ್ರಾಯವನ್ನು ನಾನು ಬಲ್ಲೆ. ಕೋಟ್ಯಂತರ ದ್ವಿಚಕ್ರ ವಾಹನಗಳಿರುವ ದೇಶದಲ್ಲಿ ಈ ಬದಲಾವಣೆ ಬರಲೇಬೇಕಿತ್ತು. ನನ್ನ ತಕರಾರು ಬೇರೆ. ನಾವು ಯಂತ್ರಗಳನ್ನು ಬೀಳ್ಕೊಡುವಾಗ ಕಂಪನಿಗಳ ಹೆಸರನ್ನು ನೆನೆಯುತ್ತೇವೆ, ಮಾದರಿಗಳ ಹೆಸರನ್ನು ನೆನೆಯುತ್ತೇವೆ. ನಕ್ಷೆ ಬರೆದವನ ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ.

ಮೇಬ್ಯಾಕ್‌ಗೆ ಇದು ಬದುಕಿದ್ದಾಗಲೇ ಆಯಿತು. ಆತನಿಲ್ಲದೆ ಸೊರಗಿದ ಕಂಪನಿ 1895ರಲ್ಲಿ ಅವನನ್ನೂ ಡೈಮ್ಲರ್‌ನನ್ನೂ ಮರಳಿ ಕರೆಯಿತು. ಬ್ರಿಟನ್ನಿನ ಪರವಾನಗಿಗೆ ಮೂರೂವರೆ ಲಕ್ಷ ಮಾರ್ಕ್ ಕೊಡಲು ಬಂದ ಫ್ರೆಡರಿಕ್ ಸಿಮ್ಸ್, ಡೈಮ್ಲರ್ ಮರಳಬೇಕೆಂದು ಷರತ್ತು ಹಾಕಿದ್ದೇ ಕಾರಣ. ಐದು ವರ್ಷಗಳಲ್ಲಿ ಡೈಮ್ಲರ್ ತೀರಿಕೊಂಡ. ಆಸ್ಟ್ರಿಯಾದ ವ್ಯಾಪಾರಿ ಎಮಿಲ್ ಯೆಲ್ಲಿನೆಕ್ ವೇಗದ ಕಾರು ಬೇಕೆಂದು ದುಂಬಾಲು ಬಿದ್ದಾಗ ಅದನ್ನು ರೂಪಿಸಿದ್ದು ಮೇಬ್ಯಾಕ್: 35 ಅಶ್ವಶಕ್ತಿ, ನೆಲಕ್ಕೆ ತಗ್ಗಿದ ಉಕ್ಕಿನ ಚೌಕಟ್ಟು, ಎರಡು ಕಾರ್ಬುರೇಟರ್, ಜೇನುಗೂಡಿನಂತೆ ಸಾವಿರಾರು ಸಣ್ಣ ಕೊಳವೆಗಳನ್ನು ಜೋಡಿಸಿದ ರೇಡಿಯೇಟರ್. ಚಳಿಯ ಸಮಸ್ಯೆಗೆ ಮದ್ದು ಹುಡುಕಿದವನೇ ಎಂಜಿನ್ನಿನ ಜ್ವರಕ್ಕೂ ಮದ್ದು ಕೊಟ್ಟ. 1901ರ ಮಾರ್ಚಿನಲ್ಲಿ ಫ್ರಾನ್ಸಿನ ನೀಸ್ ನಗರದ ಸ್ಪರ್ಧೆಗಳಲ್ಲಿ ಆ ಕಾರು ಎದುರಾಳಿಗಳನ್ನು ಧೂಳೀಪಟ ಮಾಡಿತು. ಫ್ರೆಂಚರು ಮೇಬ್ಯಾಕ್‌ಗೆ ವಿನ್ಯಾಸಕಾರರ ರಾಜನೆಂಬ ಬಿರುದು ಕೊಟ್ಟರು. ಕಾರಿಗೆ ಇಟ್ಟದ್ದು ಯೆಲ್ಲಿನೆಕ್‌ನ ಮಗಳ ಹೆಸರು, ಮರ್ಸಿಡಿಸ್.

ಬಿರುದು ಬಂದ ಮೇಲೆ ಬಾಗಿಲು ತೋರಿಸುವ ಕೆಲಸ ಮೆಲ್ಲನೆ ನಡೆಯಿತು. ಡೈಮ್ಲರ್‌ನ ಆಸರೆಯಿಲ್ಲದ ಮೇಬ್ಯಾಕ್‌ನನ್ನು ಮುಖ್ಯ ವಿನ್ಯಾಸದಿಂದ ದೂರ ಸರಿಸಲಾಯಿತು. 1907ರಲ್ಲಿ, ಅರವತ್ತೊಂದರ ವಯಸ್ಸಿನಲ್ಲಿ, ಆತ ಕಂಪನಿಯನ್ನು ತೊರೆದ. 1903ರಲ್ಲಿ ಕ್ಯಾನ್‌ಸ್ಟಾಟ್‌ನ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಮೂಲ ಸವಾರಿ ಗಾಡಿಯೂ ಸುಟ್ಟುಹೋಗಿತ್ತು. ಇಂದು ಸಂಗ್ರಹಾಲಯಗಳಲ್ಲಿ ಕಾಣುವುದು ಅದರ ಪ್ರತಿಕೃತಿಗಳನ್ನು. ವಾಯುನೌಕೆಗಳ ಕೌಂಟ್ ಜೆಪೆಲಿನ್ ಜೊತೆಗೂಡಿ 1909ರಲ್ಲಿ ಹೊಸ ಎಂಜಿನ್ ಕಾರ್ಖಾನೆ ತೆರೆದಾಗ ಹೊಣೆಯನ್ನು ಹೊತ್ತವನು ಮಗ ಕಾರ್ಲ್. ಅಪ್ಪ ಸಲಹೆ ಕೊಡುವವನಾಗಿ ಹಿಂದೆ ನಿಂತ. ಮೊದಲ ಮಹಾಯುದ್ಧ ಮುಗಿದ ಮೇಲೆ 1921ರಿಂದ ಆ ಕಾರ್ಖಾನೆ ಕಾರುಗಳನ್ನು ತಯಾರಿಸಿತು. ಮೇಬ್ಯಾಕ್ ಎಂಬ ಹೆಸರು ವಾಹನದ ಮೇಲೆ ಬಂದದ್ದು ಹೀಗೆ, ಮಗನ ಮೂಲಕ.

ಕಿರಿಯ ಮಗ ಅಡಾಲ್ಫ್ ಮನೋರೋಗಿಯಾಗಿದ್ದ. ಬದುಕಿನ ಬಹುಭಾಗವನ್ನು ಆಸ್ಪತ್ರೆಗಳಲ್ಲೇ ಕಳೆದ. ಬದುಕಲು ಯೋಗ್ಯರಲ್ಲವೆಂದು ರೋಗಿಗಳನ್ನು ಕೊಂದ ನಾಜಿಗಳ ಯೋಜನೆಗೆ 1940ರಲ್ಲಿ ಅವನೂ ಬಲಿಯಾದ. ಅಪ್ಪ ಅದನ್ನು ನೋಡಲು ಇರಲಿಲ್ಲ. ವಿಲ್ಹೆಲ್ಮ್ ಮೇಬ್ಯಾಕ್ 1929ರ ಡಿಸೆಂಬರ್ 29ರಂದು, ಚಳಿಗಾಲದ ನಡುವೆ, ಎಂಬತ್ತಮೂರನೆಯ ವಯಸ್ಸಿನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಕೊನೆಯುಸಿರೆಳೆದ. ಅವನನ್ನು ಮಣ್ಣು ಮಾಡಿದ್ದು ಕ್ಯಾನ್‌ಸ್ಟಾಟ್‌ನ ಉಫ್ ಸ್ಮಶಾನದಲ್ಲಿ. ಡೈಮ್ಲರ್‌ನ ಸಮಾಧಿ ಇರುವುದೂ ಅಲ್ಲಿಯೇ.